ನೀರಿಗೆ ಇಳಿಸಿದ ಮೇಲೆ ಸರ್ಟಿಫಿಕೇಟ್ ಕೊಡಿ: ಯಾದಗಿರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಭೀಮಾ ದಂಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಊರವರ ಬಾಯಲ್ಲಿ ಪಿ.ಟಿ. ಮಾಸ್ತರ್. ಕಬಡ್ಡಿ, ಕೊಕ್ಕೊ ಆಡಿಸುವವನಿಗೆ ದೋಣಿಯ ಉಸಾಬರಿ ಯಾಕೆ ಅಂತ ನಿಮಗೆ ಅನಿಸಬಹುದು. ನಮ್ಮ ಭಾಗದಲ್ಲಿ ವಿದ್ಯಾರ್ಥಿಗಳಿಗೆ ಸುರಕ್ಷಿತ ದೋಣಿ ಪ್ರಯಾಣದ ತರಬೇತಿ ಅಂತ ಒಂದು ಕಾರ್ಯಕ್ರಮ ನಡೆಯಿತು. ಅದಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವನು ನಾನು. ನಡೆಸಿದವರು ಯಾರು ಅಂತ ಇಲ್ಲಿ ಹೇಳುವುದಿಲ್ಲ. ಅವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ನೀವು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಹೌದು. ಹಾಗಾಗಿ ಇದು ನಿಮ್ಮ ಟೇಬಲ್ಲಿಗೇ ಬರಬೇಕಾದ ವಿಷಯ. ಊರವರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನೀರಿನ ಮೇಲೆ ತರಬೇತಿ ಆಗದ ಯಾವ ವಿದ್ಯಾರ್ಥಿಗೂ ದೋಣಿ ಸುರಕ್ಷತೆಯ ಸರ್ಟಿಫಿಕೇಟ್ ಕೊಡಬೇಡಿ. ಆ ತರಬೇತಿಯನ್ನು ನಮ್ಮ ಜಿಲ್ಲೆಯಲ್ಲೇ, ನಮ್ಮ ನೀರಿನಲ್ಲೇ ಏರ್ಪಾಡು ಮಾಡಿ.

ಯಾದಗಿರಿ ಅಂದ ಕೂಡಲೇ ಹೊರಗಿನವರಿಗೆ ಬಿಸಿಲು, ಬರ, ಗುಳೆ ನೆನಪಾಗುತ್ತವೆ. ನೀರಿನ ಜಿಲ್ಲೆ ಅಂತ ಯಾರೂ ಅನ್ನುವುದಿಲ್ಲ. ಆದರೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ. ಜಿಲ್ಲೆಯ ಅಂಚಿನಲ್ಲೇ ಎರಡೂ ಕೂಡುತ್ತವೆ. ಮೇಲೆ ನಾರಾಯಣಪುರದ ಬಸವಸಾಗರ. ಆಲಮಟ್ಟಿಯಿಂದ ನೀರು ಬಿಟ್ಟರೆ ಅಲ್ಲಿ ಗೇಟು ಎತ್ತಲೇಬೇಕು. ಆಗ ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆಗೆ ಆತಂಕ, ದೇವದುರ್ಗದ ಕಡೆ ಹೋಗುವ ದಾರಿ ಬಂದ್. ಭೀಮೆಯ ಕತೆಯೂ ಅದೇ. ಮಹಾರಾಷ್ಟ್ರದಲ್ಲಿ ಉಜನಿ, ವೀರ ಜಲಾಶಯಗಳು ತುಂಬಿದರೆ ಇಲ್ಲಿ ಮಳೆ ಇಲ್ಲದ ದಿನವೂ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಬಂದ ರೀತಿಯನ್ನು ದಂಡೆಯ ಊರಿನವರು ಯಾರೂ ಮರೆತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂತು. ಎರಡೂ ಸಲ ಬೇಕಾಗಿದ್ದು ದೋಣಿ. ದೋಣಿ ಬಂದಾಗ ಅದರಲ್ಲಿ ಹೇಗೆ ಹತ್ತಬೇಕು, ಎಲ್ಲಿ ಕೂರಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತಿರಲಿಲ್ಲ.

ಸುರಪುರ ಕಡೆಯ ನೀಲಕಂಠರಾಯನಗಡ್ಡಿ ನಿಮಗೆ ಗೊತ್ತೇ ಇರುತ್ತದೆ. ಕೃಷ್ಣೆಯ ನಡುವಿನ ಊರು. 2014ರಲ್ಲಿ ಹೊಳೆ ತುಂಬಿದ್ದಾಗ ಅಲ್ಲಿನ ಒಬ್ಬ ತುಂಬು ಗರ್ಭಿಣಿ, ಹೆರಿಗೆಗೆ ತೊಂದರೆ ಆಗಬಾರದು ಅಂತ, ಒಣಗಿದ ಸೋರೆಕಾಯಿ ಕಟ್ಟಿಕೊಂಡು ಮನೆಯವರ ಜೊತೆ ಈಜಿ ಈ ದಂಡೆಗೆ ಬಂದರು. ಪತ್ರಿಕೆಗಳೆಲ್ಲ ಆಕೆಯ ಧೈರ್ಯವನ್ನು ಹೊಗಳಿದವು. ಹೊಗಳಬೇಕಾದದ್ದೇ. ಆದರೆ ಬರೀ ಧೈರ್ಯದಿಂದ ಯಾರೂ ಆ ಹೊಳೆ ದಾಟುವುದಿಲ್ಲ. ಸೋರೆಯನ್ನು ಮೈಗೆ ಎಲ್ಲಿ ಕಟ್ಟಬೇಕು, ಎಷ್ಟು ಬಿಗಿ ಇರಬೇಕು, ಎಲ್ಲಿ ಇಳಿದರೆ ಸೆಳವು ಎಲ್ಲಿಗೆ ಒಯ್ಯುತ್ತದೆ ಅನ್ನುವುದು ಗೊತ್ತಿರಬೇಕು. ಗಡ್ಡಿಯ ಜನಕ್ಕೆ ಅದು ಹುಟ್ಟಿನಿಂದ ಬಂದದ್ದು. ದಂಡೆಯಿಂದ ಎರಡು ಕಿಲೋಮೀಟರ್ ಆಚೆಯ ನನ್ನ ಶಾಲೆಯ ಮಕ್ಕಳಿಗೆ ಅದು ಇಲ್ಲ. ಈಜು ಬರುವವರು ಕೆಲವರು ಇದ್ದಾರೆ. ಅವರೂ ಬಾವಿಯಲ್ಲಿ ಕಲಿತವರು, ಅಲ್ಲಿ ನೀರು ಎಲ್ಲಿಗೂ ಎಳೆದುಕೊಂಡು ಹೋಗುವುದಿಲ್ಲ.

ಇನ್ನು ತರಬೇತಿಯ ವಿಷಯ. ಅದು ಒಂದು ಸಭಾಂಗಣದಲ್ಲಿ ನಡೆಯಿತು. ಪ್ರೊಜೆಕ್ಟರ್ ಇತ್ತು, ಬ್ಯಾನರ್ ಇತ್ತು, ಉಪ್ಪಿಟ್ಟು ಚೆನ್ನಾಗಿತ್ತು. ಪರದೆ ಮೇಲೆ ಸಮುದ್ರದ ಹಡಗುಗಳು ಬಂದವು. ಬಲಗಡೆ ಹಸಿರು ದೀಪ, ಎಡಗಡೆ ಕೆಂಪು ದೀಪ ಅಂತ ಬರೆಸಿದರು. ತಪ್ಪೇನಲ್ಲ, ರಾತ್ರಿ ಓಡುವ ಮೋಟಾರ್ ದೋಣಿಗೆ ಅದೇ ನಿಯಮ. ಆದರೆ ನಮ್ಮ ಮಕ್ಕಳು ಕೂರುವುದು ಮೀನುಗಾರರ ಗುಂಡನೆಯ ತೆಪ್ಪದಲ್ಲಿ. ತೆಪ್ಪಕ್ಕೆ ಎಡ ಯಾವುದು, ಬಲ ಯಾವುದು? ಒಬ್ಬ ಹುಡುಗ ಇದನ್ನೇ ಕೇಳಿದ. ಎಲ್ಲರೂ ನಕ್ಕರು. ಉತ್ತರ ಮಾತ್ರ ಬರಲಿಲ್ಲ.

ಲೈಫ್ ಜಾಕೆಟ್ ಒಂದೇ ಇತ್ತು. ಅದನ್ನು ಒಬ್ಬ ಹುಡುಗಿಗೆ ದುಪಟ್ಟಾದ ಮೇಲೇ ಹಾಕಿಸಿ, ಫೋಟೋ ತೆಗೆದು, ಬಿಚ್ಚಿಸಿದರು. ಪಟ್ಟಿ ಎಳೆದು ನೋಡಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು. ಒಬ್ಬ ಮಗುವಿನ ಕಾಲಿಗೂ ನೀರು ತಾಗಿರಲಿಲ್ಲ.

ಅದಾದ ಕೆಲವು ವಾರಕ್ಕೆ, ಡಿಸೆಂಬರ್‌ನಲ್ಲಿ, ಹೊಳೆ ಇಳಿದು ತಣ್ಣಗಾದ ಮೇಲೆ, ಅದೇ ಮಕ್ಕಳಲ್ಲಿ ಕೆಲವರನ್ನು ಒಂದು ಕೆರೆಗೆ ಕರೆದುಕೊಂಡು ಹೋದೆ. ಮನೆಯವರು ಒಪ್ಪಿದ ಮಕ್ಕಳು ಮಾತ್ರ. ಸೊಂಟದ ಮಟ್ಟದ ನೀರು. ಜೊತೆಗೆ ನಮ್ಮೂರಿನ ಮೀನುಗಾರ ಕಾಕಾ, ಅವರ ಮಗ, ಈಜು ಬಲ್ಲ ಇಬ್ಬರು ಶಿಕ್ಷಕರು. ಫೋಟೋದಲ್ಲಿದ್ದ ಆ ಹುಡುಗಿ ಮುಂದೆ ಬಂದಳು. ಜಾಕೆಟ್ ಹಾಕುವುದು ನನಗೆ ಗೊತ್ತು ಸರ್ ಅಂದಳು. ಸಭಾಂಗಣದಲ್ಲಿ ಹಾಕಿಸಿದ ಹಾಗೇ ಹಾಕಿಕೊಂಡಳು. ಕಾಕಾ ಏನೂ ಹೇಳದೆ ಅವಳನ್ನು ನೀರಲ್ಲಿ ಮಂಡಿಯೂರಿ ಕೂರಲು ಹೇಳಿದರು.

ಅವಳು ಕೂತಳು. ಜಾಕೆಟ್ ಕೂರಲಿಲ್ಲ. ಅದು ಮೇಲೆದ್ದು ಅವಳ ಕಿವಿಯವರೆಗೆ ಬಂತು. ಗಲ್ಲ ಒಳಗೆ ಹೋಯಿತು, ಕಾಲರ್ ಬಾಯಿಗೆ ಅಡ್ಡ ಬಂತು, ಎರಡೂ ಕೈ ತಾನಾಗಿಯೇ ಮೇಲೆದ್ದವು. ಕೈ ಮೇಲೆದ್ದಷ್ಟೂ ಜಾಕೆಟ್ ಇನ್ನೂ ಮೇಲೆ. ಒಂದು ಕ್ಷಣ ಅವಳ ಮುಖ ನೋಡಬೇಕಿತ್ತು. ಕಾಕಾ ಅವಳನ್ನು ಎಬ್ಬಿಸಿ ನಿಲ್ಲಿಸಿ, "ನೋಡವ್ವಾ, ಜಾಕೀಟ ತೇಲ್ತು. ನೀ ಮುಳಗ್ದಿ" ಅಂದರು.

ಆಮೇಲೆ ದುಪಟ್ಟಾ ಬಿಚ್ಚಿಸಿದೆವು. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಎಳೆದೆವು. ತೊಡೆಯ ನಡುವೆ ಬರುವ ಪಟ್ಟಿಯನ್ನೂ ಹಾಕಿದೆವು. ಜಾಕೆಟ್‌ನ ಎರಡೂ ಭುಜ ಹಿಡಿದು ಮೇಲಕ್ಕೆ ಎತ್ತಿ ನೋಡಿದೆವು. ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ, ಬರದಿದ್ದರೆ ಸರಿ. ಎರಡನೇ ಸಲ ಅವಳು ನೀರಲ್ಲಿ ಅಂಗಾತ ಮಲಗಿ ಆಕಾಶ ನೋಡಿದಳು. ಆಮೇಲೆ ಅವಳೇ ಉಳಿದವರ ಪಟ್ಟಿ ಎಳೆಯಲು ನಿಂತಳು. ಯಾರನ್ನೂ ಬಿಡಲಿಲ್ಲ, ನನ್ನನ್ನೂ.

ಇದು ಪರದೆ ಮೇಲೆ ಬರುವ ಪಾಠ ಅಲ್ಲ ಸರ್. ಜೋಳದ ರೊಟ್ಟಿ ಬಡಿಯುವುದನ್ನು ಯಾರೂ ನೋಡಿ ಕಲಿತಿಲ್ಲ, ಹಿಟ್ಟಿಗೆ ಕೈ ಹಾಕಿಯೇ ಕಲಿತದ್ದು. ಇದೂ ಹಾಗೆ.

ಜಾಕೆಟ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಖರೀದಿ ಮಾಡುವವರು ಬಣ್ಣ ನೋಡುತ್ತಾರೆ, ರೇಟು ನೋಡುತ್ತಾರೆ. ಒಳಗಿನ ಚೀಟಿ ಓದುವುದಿಲ್ಲ. ಎಷ್ಟು ತೂಕದವರಿಗೆ, ಎಷ್ಟು ನ್ಯೂಟನ್ ಅಂತ ಅದರಲ್ಲಿ ಬರೆದಿರುತ್ತದೆ. 50 ನ್ಯೂಟನ್ ಅಂದರೆ ಸುಮಾರು 5 ಕಿಲೋ ಎತ್ತುವ ಶಕ್ತಿ. ನೀರಲ್ಲಿ ಮೈ ಹೆಚ್ಚುಕಡಿಮೆ ತಾನೇ ತೇಲುತ್ತದೆ, ನೀರಿನ ಮೇಲೆ ಎತ್ತಿ ಹಿಡಿಯಬೇಕಾದದ್ದು ತಲೆಯನ್ನು ಮಾತ್ರ. ಹಾಗಾಗಿ ಅಷ್ಟು ಸಾಕಾಗುತ್ತದೆ, ಆದರೆ ಈಜು ಬರುವವರಿಗೆ, ಪಕ್ಕದಲ್ಲೇ ಸಹಾಯ ಇದ್ದಾಗ. ಈಜು ಬಾರದ ಮಗುವಿಗೆ 100 ನ್ಯೂಟನ್‌ನದ್ದು ಬೇಕು. ಪ್ರಜ್ಞೆ ತಪ್ಪಿದವರ ಮುಖ ಮೇಲೆ ಬರುವಂತೆ ತಿರುಗಿಸಬೇಕು ಅಂದರೆ 150ರದ್ದು ಹೆಚ್ಚು ನಂಬಿಕೆಯದ್ದು. ದೊಡ್ಡವರ ಜಾಕೆಟ್ ಚಿಕ್ಕ ಮಗುವಿಗೆ ಹಾಕಿದರೆ ಮಗು ಕೆಳಗಿನಿಂದ ಜಾರಿ ಹೋಗುತ್ತದೆ. ಇನ್ನೊಂದು: ಜಾಕೆಟ್‌ಗಳನ್ನು ದೋಣಿಯಲ್ಲಿ ದಿಂಬಿನ ಹಾಗೆ ಹಾಕಿಕೊಂಡು ಅದರ ಮೇಲೆ ಕೂರುವ ಚಾಳಿ ಎಲ್ಲ ಕಡೆ ಇದೆ. ಕೂತು ಕೂತು ಒಳಗಿನ ಫೋಮ್ ಚಪ್ಪಟೆಯಾಗುತ್ತದೆ, ತೇಲಿಸುವ ಶಕ್ತಿ ಹೋಗುತ್ತದೆ. ನಮ್ಮ ಬಿಸಿಲಿಗೆ ಬಟ್ಟೆ, ಹೊಲಿಗೆ ಬೇಗ ಸಾಯುತ್ತವೆ. ಗೋದಾಮಿನಲ್ಲಿ ಜಾಕೆಟ್ ಇವೆ ಅನ್ನುವ ಲೆಕ್ಕ ಬೇರೆ, ಅವು ತೇಲುತ್ತವಾ ಅನ್ನುವ ಲೆಕ್ಕ ಬೇರೆ. ವರ್ಷಕ್ಕೊಮ್ಮೆ ನೀರಿಗೆ ಹಾಕಿ ನೋಡಿಸಿ.

ಆ ದಿನ ತೆಪ್ಪದಲ್ಲೂ ಕೂರಿಸಿದೆವು. ತೆಪ್ಪ ಗುಂಡಗಿರುತ್ತದೆ, ತಳ ಚಪ್ಪಟೆ. ಬರೀ ಒಂದು ಕಡೆ ಹುಟ್ಟು ಹಾಕಿದರೆ ಅಲ್ಲೇ ಗಿರಕಿ ಹೊಡೆಯುತ್ತದೆ. ಅಂಬಿಗರು ಮುಂದೆ ಕೂತು, ಹುಟ್ಟನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾ ನಡೆಸುತ್ತಾರೆ. ನಮ್ಮ ಹುಡುಗರು ಹುಟ್ಟು ಕೈಗೆ ಸಿಕ್ಕ ಕೂಡಲೇ ಜೋರು ತೋರಿಸಿದರು, ತೆಪ್ಪ ಬುಗುರಿ ಆಯಿತು. ನಕ್ಕು ನಕ್ಕು ಸುಸ್ತಾದರು. ಆದರೆ ನಗುವಿನ ನಡುವೆ ಮುಖ್ಯವಾದ ಪಾಠ ಒಂದು ಸಿಕ್ಕಿತು. ದಂಡೆ ಹತ್ತಿರ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಒಂದೇ ಕಡೆ ಎದ್ದು ನಿಂತರು. ಆ ಕಡೆಯ ಅಂಚು ನೀರಿಗೆ ಹೋಯಿತು. ಮೊಣಕಾಲುದ್ದ ನೀರು, ಏನೂ ಆಗಲಿಲ್ಲ, ಎಲ್ಲರೂ ಒದ್ದೆಯಾದರು. ಬಹಳಷ್ಟು ದೋಣಿಗಳು ಮಗುಚುವುದು ಹೀಗೇ. ಬಿರುಗಾಳಿ ಬೇಕಿಲ್ಲ, ಸುಳಿ ಬೇಕಿಲ್ಲ. ಒಂದು ಸೆಲ್ಫಿ ಸಾಕು.

ಮಗುಚಿದ ಮೇಲೆ ಏನು ಮಾಡಬೇಕು? ಸಭಾಂಗಣದಲ್ಲಿ ಕೇಳಿದ್ದರೆ ಎಲ್ಲರೂ ದಂಡೆಗೆ ಈಜಬೇಕು ಅನ್ನುತ್ತಿದ್ದರು. ಅಲ್ಲ. ಸುರಕ್ಷಿತವಾಗಿ ಹಿಡಿಯಲು ಆದರೆ ದೋಣಿಯನ್ನು ಬಿಡಬಾರದು. ಮಗುಚಿದ ಮರದ ದೋಣಿ, ಫೈಬರ್ ದೋಣಿ ಸಾಮಾನ್ಯವಾಗಿ ತೇಲುತ್ತಿರುತ್ತದೆ. ದಂಡೆ ಕಣ್ಣಿಗೆ ಹತ್ತಿರ ಕಾಣುತ್ತದೆ, ಈಜುವವನಿಗೆ ದೂರ. ಹುಡುಕಿಕೊಂಡು ಬರುವವರಿಗೂ ಒಂದು ತಲೆ ಕಾಣುವುದಿಲ್ಲ, ಒಂದು ದೋಣಿ ಕಾಣುತ್ತದೆ. ಮೊದಲು ತಲೆ ಎಣಿಸಬೇಕು. ಇದನ್ನು ಹತ್ತು ಸಲ ಹೇಳಿದರೂ ಭಯದಲ್ಲಿ ನೆನಪಿಗೆ ಬರುವುದಿಲ್ಲ. ಒಂದು ಸಲ ಬೇಕಂತಲೇ ಮಗುಚಿ, ಅಂಚು ಹಿಡಿಸಿ, ಹೆಸರು ಕೂಗಿ ಎಣಿಸಿದರೆ ಮೈಗೆ ಬರುತ್ತದೆ.

ಹಗ್ಗ ಎಸೆಯುವುದಕ್ಕೆ ದೋಣಿಯೂ ಬೇಕಿಲ್ಲ. ಪ್ರತಿ ಬೇಸಿಗೆ ಪತ್ರಿಕೆಯಲ್ಲಿ ಅದೇ ಸುದ್ದಿ: ಒಬ್ಬನನ್ನು ಉಳಿಸಲು ಹೋಗಿ ಅಣ್ಣ, ಗೆಳೆಯ, ಮಾವ, ಎಲ್ಲರೂ ನೀರುಪಾಲು. ಮುಳುಗುತ್ತಿರುವವನು ಸಿನಿಮಾದ ಹಾಗೆ ಕೂಗುವುದಿಲ್ಲ. ಉಸಿರಿಗೇ ಪುರಸೊತ್ತಿಲ್ಲದವನು ಎಲ್ಲಿ ಕೂಗುತ್ತಾನೆ? ಹತ್ತಿರ ಹೋದವನ ಕುತ್ತಿಗೆ ಹಿಡಿಯುತ್ತಾನೆ, ಮೇಲೆ ಹತ್ತುತ್ತಾನೆ. ಅದಕ್ಕೇ ಮೊದಲು ಕೋಲು ಚಾಚಬೇಕು. ಅದಾಗದಿದ್ದರೆ ಹಗ್ಗ, ಅಥವಾ ತೇಲುವ ಏನಾದರೂ ಎಸೆಯಬೇಕು. ಅದೂ ಆಗದಿದ್ದರೆ ದೋಣಿ ಒಯ್ಯಬೇಕು. ನೀರಿಗೆ ಹಾರುವುದು ಕಟ್ಟಕಡೆಗೆ, ಅದೂ ತರಬೇತಿ ಆದವನು, ತೇಲುವ ವಸ್ತು ಜೊತೆಗಿಟ್ಟುಕೊಂಡು. ನಾವು ಅಡುಗೆ ಎಣ್ಣೆಯ 5 ಲೀಟರ್ ಕ್ಯಾನಿಗೆ ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿದು, ಉದ್ದ ಹಗ್ಗ ಕಟ್ಟಿದೆವು. ಒಳಗಿನ ನೀರಿನ ತೂಕಕ್ಕೆ ಕ್ಯಾನು ದೂರ ಹೋಗುತ್ತದೆ, ಖಾಲಿ ಜಾಗ ಇರುವುದರಿಂದ ತೇಲುತ್ತದೆ. ಮೊದಲ ಎಸೆತಗಳು ಎಲ್ಲೆಲ್ಲೋ ಹೋದವು. ಒಬ್ಬನಂತೂ ಹಗ್ಗದ ತುದಿ ಹಿಡಿಯುವುದನ್ನೇ ಮರೆತು ಕ್ಯಾನು, ಹಗ್ಗ ಎರಡನ್ನೂ ಕೆರೆಗೆ ಕೊಟ್ಟ. ಸಂಜೆಯ ಹೊತ್ತಿಗೆ ಹೆಚ್ಚಿನವರು ನೀರಲ್ಲಿರುವವನ ತಲೆಯ ಆಚೆಗೆ ಎಸೆದು ಅವನ ಕೈಗೆ ಸಿಗುವಂತೆ ಎಳೆಯುತ್ತಿದ್ದರು. ಎಳೆಯುವಾಗ ನಿಲ್ಲಬಾರದು, ಕೂರಬೇಕು, ಇಲ್ಲದಿದ್ದರೆ ನಾವೇ ನೀರಿಗೆ ಅನ್ನುವುದೂ ಅಲ್ಲೇ ಗೊತ್ತಾಯಿತು.

ನಮ್ಮ ಜಿಲ್ಲೆಗೇ ಬೇಕಾದ ಎರಡು ಪಾಠ ಇವೆ. ಹೊರಗಿನಿಂದ ಬರುವ ತರಬೇತುದಾರರು ಇವನ್ನು ಹೇಳುವುದಿಲ್ಲ, ಅವರ ಸ್ಲೈಡಿನಲ್ಲಿ ಇರುವುದಿಲ್ಲ.

ಒಂದು ಬ್ಯಾರೇಜ್. ಭೀಮೆಯ ಉದ್ದಕ್ಕೂ ಇವೆ. ಗುರುಸುಣಗಿಯದ್ದು ಯಾದಗಿರಿಯವರಿಗೆ ಮನೆ ಪಕ್ಕದ್ದು. ಮಕ್ಕಳು ಅಲ್ಲಿ ಮೀನು ನೋಡಲು ಹೋಗುತ್ತಾರೆ, ರೀಲ್ಸ್ ಮಾಡಲು ಹೋಗುತ್ತಾರೆ. ಬ್ಯಾರೇಜ್ ಮೇಲಿಂದ ಬೀಳುವ ನೀರು ನೋಡಲು ದೊಡ್ಡದೇನೂ ಅನಿಸುವುದಿಲ್ಲ. ಅಪಾಯ ಬಿದ್ದ ಮೇಲೆ ಇರುವುದು. ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಎದ್ದು, ಮೇಲ್ಭಾಗದಲ್ಲಿ ಮತ್ತೆ ಗೋಡೆಯ ಕಡೆಗೇ ವಾಪಸ್ ಬರುತ್ತದೆ. ಅದರಲ್ಲಿ ಸಿಕ್ಕಿದ್ದು ಬೀಳುತ್ತದೆ, ಏಳುತ್ತದೆ, ಗೋಡೆಗೆ ಬರುತ್ತದೆ, ಮತ್ತೆ ಬೀಳುತ್ತದೆ. ಆ ನೀರಿನ ತುಂಬ ಗಾಳಿಗುಳ್ಳೆ. ಗುಳ್ಳೆ ತುಂಬಿದ ನೀರು ಮೈಯನ್ನು ಸರಿಯಾಗಿ ಎತ್ತಿ ಹಿಡಿಯುವುದಿಲ್ಲ, ಜಾಕೆಟ್ ಇದ್ದರೂ ಅಷ್ಟೇ. ಇದನ್ನು ಬೋರ್ಡ್ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದೆ. ಮಕ್ಕಳು ಹೂಂ ಅಂದರು, ಯಾರ ಮುಖದಲ್ಲೂ ನಂಬಿಕೆ ಇರಲಿಲ್ಲ. ಆಮೇಲೆ ನೀರು ಕಡಿಮೆ ಇದ್ದ ದಿನ, ಕಟಕಟೆ ಇರುವ ಕಡೆ ನಿಲ್ಲಿಸಿ, ಬ್ರಿಡ್ಜ್ ಮೇಲಿಂದ ಒಂದು ತೆಂಗಿನಕಾಯಿ ಎಸೆದೆವು. ಕಾಯಿ ಬಿತ್ತು, ಮುಳುಗಿತು, ಎದ್ದಿತು. ಮುಂದೆ ಹೋಗುತ್ತದೆ ಅಂದುಕೊಂಡರೆ ಗೋಡೆಯ ಕಡೆ ಬಂತು. ಮತ್ತೆ ಮುಳುಗಿತು. ಮಕ್ಕಳು ಎಣಿಸಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಎಣಿಸುವುದನ್ನೂ ಬಿಟ್ಟು ಸುಮ್ನೆ ನೋಡುತ್ತಾ ನಿಂತರು. ನಾವು ಹೊರಡುವಾಗಲೂ ಕಾಯಿ ಅಲ್ಲೇ ಇತ್ತು. ಅದಾದ ಮೇಲೆ ಬ್ಯಾರೇಜ್ ಕೆಳಗೆ ಇಳಿಯಬೇಡಿ ಅಂತ ನಾನು ಬೈದು ಹೇಳುವ ಕೆಲಸ ಉಳಿಯಲಿಲ್ಲ.

ಇನ್ನೊಂದು ಮರಳಿನ ಗುಂಡಿ. ಮರಳು ತೆಗೆದ ಜಾಗದಲ್ಲಿ ಹೊಳೆಯ ತಳ ಒಂದೇ ಸಮ ಇರುವುದಿಲ್ಲ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳಕ್ಕೆ ಹೋಗುತ್ತಾನೆ. ಹೋದ ವರ್ಷ ಇದ್ದ ಜಾಗದಲ್ಲಿ ಈ ವರ್ಷ ಗುಂಡಿ ಇರುವುದಿಲ್ಲ, ಬೇರೆ ಕಡೆ ಇರುತ್ತದೆ. ದೋಣಿಯಿಂದ ಇಳಿಯುವಾಗ ಕೋಲು ಊರಿ ಆಳ ನೋಡಿ ಇಳಿಯುವುದನ್ನು ಕಲಿಸಬೇಕು. ಗುಂಡಿ ಹೇಗೆ ಬಂತು ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ಬೇರೆ ಪತ್ರ ಬೇಕು. ಕೃಷ್ಣೆಯ ಕಡೆ ಮೊಸಳೆಯ ವಿಷಯವನ್ನೂ ಮರೆಯುವಂತಿಲ್ಲ. ಅಲ್ಲಿ ಮಕ್ಕಳನ್ನು ನೀರಿಗೆ ಇಳಿಸುವ ಮಾತೇ ಬೇಡ.

ಈಗ ನೀವು ಕೇಳುವ ಪ್ರಶ್ನೆಗೆ ಬರುತ್ತೇನೆ. ನೀರಿಗೆ ಇಳಿಸಿದ ಮೇಲೆ ಏನಾದರೂ ಆದರೆ ಯಾರು ಹೊಣೆ? ನ್ಯಾಯವಾದ ಪ್ರಶ್ನೆ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ಸತ್ತರು. 2007ರಲ್ಲಿ ಕೇರಳದ ತಟ್ಟೇಕಾಡಿನಲ್ಲೂ ಶಾಲಾ ಪ್ರವಾಸವೇ, 18 ಜೀವ. ಇಂಥ ಸುದ್ದಿ ಬಂದ ಕೂಡಲೇ ನಮ್ಮಲ್ಲಿ ಒಂದು ಸುತ್ತೋಲೆ ಹೊರಡುತ್ತದೆ: ಮಕ್ಕಳನ್ನು ನೀರಿನ ಹತ್ತಿರ ಒಯ್ಯಬೇಡಿ. ಆದರೆ ಹರಣಿಯಲ್ಲಿ ಆದದ್ದು ತರಬೇತಿ ಅಲ್ಲ, ಮೋಜು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಜಾಸ್ತಿ ಜನ ಕೂತಿದ್ದರು, ಬಹಳ ಮಕ್ಕಳಿಗೆ ಜಾಕೆಟ್ ಇರಲಿಲ್ಲ. ಆ ದೋಣಿಗೆ ಹತ್ತುವ ಮೊದಲು, ಇದರಲ್ಲಿ ಜನ ಜಾಸ್ತಿ ಆದರು, ನಾನು ಹತ್ತುವುದಿಲ್ಲ ಅಂತ ಹೇಳುವ ಒಬ್ಬ ಶಿಕ್ಷಕ, ಒಬ್ಬ ವಿದ್ಯಾರ್ಥಿ ಬೇಕಿತ್ತು. ಹಾಗೆ ಹೇಳಲು ಬರುವುದು ದೋಣಿಯ ಅಂಚು ನೀರಿಗೆ ಎಷ್ಟು ಹತ್ತಿರ ಬಂದಿದೆ ಅಂತ ಒಮ್ಮೆಯಾದರೂ ಕಣ್ಣಾರೆ ನೋಡಿದವನಿಗೆ.

ಮಕ್ಕಳು ಹೇಗೂ ನೀರಿನ ಹತ್ತಿರ ಹೋಗುತ್ತಾರೆ. ತಿಂಥಣಿಗೆ ಹೋಗುತ್ತಾರೆ, ನಾರಾಯಣಪುರದ ಛಾಯಾ ಭಗವತಿಗೆ ಹೋಗುತ್ತಾರೆ, ಸಂಕ್ರಾಂತಿಗೆ ಮೈಲಾಪುರದ ಹೊನ್ನಕೆರೆಗೆ ಹೋಗುತ್ತಾರೆ, ಪ್ರವಾಸ ಅಂತ ಹೋದ ಊರಲ್ಲಿ ದೋಣಿ ಹತ್ತುತ್ತಾರೆ. ಸುತ್ತೋಲೆ ಅವರ ಜೊತೆ ಹೋಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಕೂಡ ಶಾಲಾ ವಯಸ್ಸಿನ ಮಕ್ಕಳಿಗೆ ಈಜು, ನೀರಿನ ಸುರಕ್ಷತೆ ಕಲಿಸಿ, ದಂಡೆಯಲ್ಲಿ ನಿಂತವರಿಗೆ ಸುರಕ್ಷಿತವಾಗಿ ಉಳಿಸುವುದನ್ನು ಕಲಿಸಿ ಅಂತಲೇ ಹೇಳುತ್ತದೆ.

ಅಪಾಯ ಕಡಿಮೆ ಮಾಡುವುದು ಕಷ್ಟವಲ್ಲ. ತರಬೇತಿ ಹೊಳೆಯಲ್ಲಿ ಬೇಡ, ನಿಂತ ನೀರಲ್ಲಿ ಇರಲಿ. ಯಾದಗಿರಿಗೆ ಹತ್ತಿರ ಹತ್ತಿಕುಣಿ ಜಲಾಶಯ ಇದೆ. ಅಲ್ಲಿ ತಳ ನೋಡಿ, ಆಳ ಅಳೆದು, ಹಗ್ಗ ಕಟ್ಟಿ ಒಂದು ಮೂಲೆಯನ್ನು ಗುರುತು ಮಾಡಿಸಿ. ಸುರಪುರದವರು ಬೋನಾಳ ಕೆರೆ ಅನ್ನಬಹುದು. ದಯವಿಟ್ಟು ಬೇಡ. ಅದು ಹಕ್ಕಿಗಳ ಜಾಗ, ಚಳಿಗಾಲದಲ್ಲಿ ದೂರದೂರದಿಂದ ಬಂದು ಕೂತಿರುತ್ತವೆ. ನಮ್ಮ ಸೀಟಿ, ಕೂಗಾಟ ಅವಕ್ಕೆ ಯಾಕೆ? ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ, ಬೆಳಗಿನ ಹೊತ್ತು, ಗಾಳಿ ಏಳುವ ಮೊದಲು ಮಾಡಿ ಮುಗಿಸಬೇಕು. ಒಂದು ದೋಣಿಗೆ ಆರು ಮಕ್ಕಳು, ಇಬ್ಬರು ದೊಡ್ಡವರು. ಪಕ್ಕದಲ್ಲಿ ಇನ್ನೊಂದು ಖಾಲಿ ದೋಣಿ. ದಂಡೆಯಲ್ಲಿ ಹಗ್ಗ ಹಿಡಿದವರು, ಆಂಬುಲೆನ್ಸ್. ಈಜು ಬರಲಿ, ಬಾರದಿರಲಿ, ದಂಡೆಯಲ್ಲೇ ಜಾಕೆಟ್ ಹಾಕಿಸಬೇಕು. ದೋಣಿ ಹತ್ತಿದ ಮೇಲೆ ಹಾಕಿಕೊಳ್ಳುತ್ತೇನೆ ಅನ್ನುವವನನ್ನು ಹತ್ತಿಸಲೇಬಾರದು, ಅವನು ಶಿಕ್ಷಕನಾದರೂ ಸರಿ, ಅತಿಥಿಯಾದರೂ ಸರಿ. ಉದ್ಘಾಟನೆಗೆ ಬರುವ ಗಣ್ಯರಿಗೆ ಇದನ್ನು ಹೇಳುವ ಧೈರ್ಯ ನಿಮಗೆ ಮಾತ್ರ ಇರಲು ಸಾಧ್ಯ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ನೀರು ಅಂದ ಕೂಡಲೇ ಅವರ ಹೆಸರು ಮೊದಲು ಬಿಟ್ಟುಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಗಂಡಸರ ಮುಂದೆ ನಿಲ್ಲಬೇಕಾಗುತ್ತದೆ ಅಂತ ಅವ್ವಂದಿರು ಒಪ್ಪುವುದಿಲ್ಲ. ಅವರ ಮಾತಿನಲ್ಲಿ ತಪ್ಪಿಲ್ಲ. ಹಾಗಂತ ಪ್ರವಾಹ ಬಂದಾಗ ನೀರು ಹೆಣ್ಣು, ಗಂಡು ನೋಡುವುದಿಲ್ಲ ಅಲ್ವಾ? ಗಟ್ಟಿ ಬಟ್ಟೆಯ ಕಡುಬಣ್ಣದ ಟ್ರ್ಯಾಕ್ ಪ್ಯಾಂಟ್, ಪೂರ್ಣ ತೋಳಿನ ಟೀ ಶರ್ಟ್ ಕೊಡಿ. ಬಟ್ಟೆ ಬದಲಿಸಲು ದಂಡೆಯಲ್ಲಿ ಒಂದು ಡೇರೆ ಹಾಕಿಸಿ. ಕಲಿಸಲು ಹೆಂಗಸರನ್ನು ಕರೆಯಿರಿ. ಬಟ್ಟೆಗೆ ಕೈಯಾಡಿಸುತ್ತಾ, ನಾಚುತ್ತಾ ಕೂತ ಹುಡುಗಿ ಏನನ್ನೂ ಕಲಿಯುವುದಿಲ್ಲ. ಫೋಟೋ, ವಿಡಿಯೋ ಪೂರ್ತಿ ಬಂದ್ ಮಾಡಿಸಿ. ಇಷ್ಟು ಮಾಡಿದರೆ ಅರ್ಧಕ್ಕರ್ಧ ಅವ್ವಂದಿರು ಒಪ್ಪುತ್ತಾರೆ. ಕೆಲವರು ತಾವೂ ನೋಡಲು ಬರುತ್ತಾರೆ, ಬರಲಿ. ಮನೆಯಲ್ಲಿ ಮಗುವಿಗೆ ಹಗ್ಗ ಎಸೆಯಬೇಕಾದವರು ಅವರೇ.

ಕಲಿಸುವವರು ಯಾರು? ಅಗ್ನಿಶಾಮಕ ದಳದವರು ಇದ್ದಾರೆ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜೀವರಕ್ಷಣೆ, ಮೋಟಾರ್ ದೋಣಿ ನಡೆಸುವ ಕೋರ್ಸ್ ಕೊಡುತ್ತದೆ. ಜಿಲ್ಲೆಯ ಕೆಲವು ದೈಹಿಕ ಶಿಕ್ಷಕರನ್ನು, ಕೆಲವು ಮೀನುಗಾರರ ಮಕ್ಕಳನ್ನು ಅಲ್ಲಿಗೆ ಕಳಿಸಿ. ಹೋಗಿ ಬಂದವರು ಇಲ್ಲಿ ಉಳಿದವರಿಗೆ ಕಲಿಸುತ್ತಾರೆ. ಆದರೆ ಹೊಳೆಯನ್ನು ಓದುವುದು ಯಾವ ಅಕಾಡೆಮಿಯಲ್ಲೂ ಸಿಗುವುದಿಲ್ಲ. ಅದು ಸಿಗುವುದು ನಮ್ಮ ಅಂಬಿಗರ ಹತ್ತಿರ. ನೀರಿನ ಬಣ್ಣ ನೋಡಿ ಮೇಲೆ ಗೇಟು ಎತ್ತಿದ್ದಾರೆ ಅನ್ನುವವರು ಅವರು. ಪ್ರವಾಹ ಬಂದಾಗ ತಹಶೀಲ್ದಾರರು ಮೊದಲು ಫೋನ್ ಮಾಡುವುದೂ ಅವರಿಗೇ. ನೀರು ಇಳಿದ ಮೇಲೆ ಒಂದು ಶಾಲು, ಒಂದು ಹಾರ. ಶಾಲು ಸಾಕು, ಕೂಲಿ ಕೊಡಿ. ಅವರನ್ನು ಅತಿಥಿ ತರಬೇತುದಾರರು ಅಂತ ಕಾಗದದಲ್ಲಿ ಬರೆದು, ದಿನದ ಗೌರವಧನ ನಿಗದಿ ಮಾಡಿ, ವಿಮೆ ಮಾಡಿಸಿ. ನನ್ನ ಜೊತೆ ಬಂದ ಕಾಕಾ ಆ ದಿನದ ಬಲೆ ಬಿಟ್ಟು ಬಂದಿದ್ದರು. ಕೇಳಿದರೆ, "ಹುಡುಗ್ರಿಗಿ ಕಲಿಸಾಕ ರೊಕ್ಕ ಏನ್ ತೊಗೊಳ್ಳೋದ್ರಿ ಸರ" ಅಂದರು. ಅವರು ಹಾಗೆ ಅನ್ನುತ್ತಾರೆ ಅಂತ ಸರ್ಕಾರವೂ ಹಾಗೇ ಅಂದುಕೊಳ್ಳಬಾರದು.

ದುಡ್ಡಿನ ಮಾತು ಜಾಸ್ತಿ ಬೇಕಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕೇಂದ್ರದ ಆಪದ ಮಿತ್ರ ಯೋಜನೆ ಇರುವುದೇ ಊರಿನ ಸ್ವಯಂಸೇವಕರಿಗೆ ವಿಪತ್ತಿನ ತರಬೇತಿ ಕೊಡಲು. ಎನ್‌ಎಸ್‌ಎಸ್, ಎನ್‌ಸಿಸಿ, ಸ್ಕೌಟ್ಸ್ ಮಕ್ಕಳು ಎಲ್ಲ ತಾಲೂಕಿನಲ್ಲೂ ಇದ್ದಾರೆ. ಒಂದು ಸಭಾಂಗಣದ ಬಾಡಿಗೆ, ಬ್ಯಾನರ್, ನೆನಪಿನ ಕಾಣಿಕೆಯ ಖರ್ಚಿನಲ್ಲಿ ಎಷ್ಟು ಜಾಕೆಟ್ ಬರುತ್ತವೆ ಅಂತ ನಿಮ್ಮ ಲೆಕ್ಕಾಧಿಕಾರಿಗಳನ್ನೇ ಕೇಳಿ.

ದೋಣಿಗಳ ಲೆಕ್ಕವೂ ಬೇಕು. 2021ರ ಒಳನಾಡು ಹಡಗುಗಳ ಕಾಯ್ದೆ ಬಂದ ಮೇಲೆ 1917ರ ಹಳೇ ಕಾಯ್ದೆ ಹೋಯಿತು. ಯಂತ್ರ ಇಲ್ಲದ ದೋಣಿಗಳನ್ನೂ ಜಿಲ್ಲೆ, ತಾಲೂಕು, ಪಂಚಾಯಿತಿ ಮಟ್ಟದಲ್ಲಿ ಪಟ್ಟಿಗೆ ಸೇರಿಸುವ ದಾರಿ ಹೊಸ ಕಾಯ್ದೆಯಲ್ಲಿ ಇದೆ. ಪಟ್ಟಿ ಮಾಡಿಸುವಾಗಲೇ ಪ್ರತಿ ತೆಪ್ಪದ ಮೇಲೆ, ದೋಣಿಯ ಮೇಲೆ ಎಷ್ಟು ಜನ ಕೂರಬಹುದು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ತರಬೇತಿ ಆದ ಮಕ್ಕಳು ಅದನ್ನು ಓದಿ ಎಣಿಸುತ್ತಾರೆ. ಮಕ್ಕಳು ಎಣಿಸಲು ಶುರು ಮಾಡಿದರೆ ದೊಡ್ಡವರಿಗೆ ಜಾಸ್ತಿ ಜನ ಹತ್ತಿಸುವುದು ಕಷ್ಟ.

ಸರ್ಟಿಫಿಕೇಟ್ ಕೊಡುವ ದಿನದ ಬಗ್ಗೆ ನನ್ನದೊಂದು ಸಲಹೆ. ಜುಲೈ 25 ಮುಳುಗು ಸಾವು ತಡೆಯುವ ವಿಶ್ವ ದಿನ. ವಿಶ್ವಸಂಸ್ಥೆ ಘೋಷಿಸಿದ್ದು. ಆದರೆ ಆ ಹೊತ್ತಿಗೆ ನಮ್ಮಲ್ಲಿ ಮಳೆಗಾಲ, ನೀರಿಗೆ ಇಳಿಯುವ ಕಾಲವಲ್ಲ. ಆ ದಿನ ಹಗ್ಗ ಎಸೆಯುವುದು, ಎದೆ ಒತ್ತಿ ಉಸಿರು ಕೊಡುವುದು ಇಷ್ಟನ್ನು ಶಾಲೆಯ ಅಂಗಳದಲ್ಲಿ ಮಾಡಿಸಿ. ನೀರಿನ ಪರೀಕ್ಷೆ ಜನವರಿ 21ಕ್ಕೆ ಇಡಿ. ಅಂದು ಅಂಬಿಗರ ಚೌಡಯ್ಯನವರ ಜಯಂತಿ. ಪ್ರತಿ ವರ್ಷ ನಾವು ಕಚೇರಿಗಳಲ್ಲಿ ಫೋಟೋಗೆ ಹೂ ಹಾಕಿ, ಭಾಷಣ ಮಾಡಿ ಮುಗಿಸುತ್ತೇವೆ. 2019ರ ಅದೇ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅಂಬಿಗರ ದಿನವನ್ನು ದಂಡೆಯಲ್ಲೇ ಆಚರಿಸೋಣ. ಬೆಳಿಗ್ಗೆ ಮಕ್ಕಳು ನೀರಲ್ಲಿ ಪರೀಕ್ಷೆ ಕೊಡಲಿ: ಜಾಕೆಟ್ ಹಾಕುವುದು, ದೋಣಿ ಹತ್ತಿ ಇಳಿಯುವುದು, ಮಗುಚಿದ ದೋಣಿ ಹಿಡಿಯುವುದು, ಹಗ್ಗ ಎಸೆಯುವುದು. ಪಾಸಾದವರಿಗೆ ಅಂಬಿಗರ ಕೈಯಿಂದಲೇ ಸರ್ಟಿಫಿಕೇಟ್ ಕೊಡಿಸಿ. ಆಗದವರಿಗೆ ಮುಂದಿನ ವಾರ ಇನ್ನೊಂದು ಅವಕಾಶ ಕೊಡಿ. ಫೇಲ್ ಅಂತ ಬರೆಯುವುದು ಬೇಡ, ಇನ್ನೂ ಆಗಿಲ್ಲ ಅಂತ ಬರೆಯಿರಿ.

ನಮ್ಮ ಶಾಲೆಯ ಮಕ್ಕಳ ಹಳೇ ಸರ್ಟಿಫಿಕೇಟ್‌ಗಳು ಇನ್ನೂ ನನ್ನ ಬೀರುವಿನಲ್ಲೇ ಇವೆ. ಮನೆಗೆ ಕೊಟ್ಟಿಲ್ಲ. ಪ್ರವಾಸದಲ್ಲಿ ಅದನ್ನು ತೋರಿಸಿ, ನನಗೆ ತರಬೇತಿ ಆಗಿದೆ ಅಂತ ಜಾಕೆಟ್ ಬೇಡ ಅನ್ನುವವನು ಒಬ್ಬನಾದರೂ ಇರುತ್ತಾನೆ, ನನ್ನ ಹುಡುಗರು ನನಗೆ ಗೊತ್ತು.

ಮುಂದಿನ ಸೋಮವಾರ ಮೀನುಗಾರ ಕಾಕಾ, ಮಹಿಳಾ ದೈಹಿಕ ಶಿಕ್ಷಕಿಯೊಬ್ಬರು ಮತ್ತು ನಾನು ನಿಮ್ಮ ಕಚೇರಿಗೆ ಬರುತ್ತೇವೆ. ಯಾವ ವಯಸ್ಸಿನವರಿಗೆ ಯಾವ ಅಳತೆಯ ಜಾಕೆಟ್ ಎಷ್ಟು ಬೇಕು ಅನ್ನುವ ಪಟ್ಟಿ ತರುತ್ತೇವೆ. ಹಗ್ಗ ಕಟ್ಟಿದ ಎಣ್ಣೆ ಕ್ಯಾನನ್ನೂ ತರುತ್ತೇವೆ, ಗೇಟಿನಲ್ಲಿ ಪೊಲೀಸರು ತಡೆಯದಂತೆ ಒಂದು ಮಾತು ಹೇಳಿಟ್ಟಿರಿ.

ವಂದನೆಗಳೊಂದಿಗೆ,
ಭೀಮಾ ದಂಡೆಯ ಒಬ್ಬ ಪಿ.ಟಿ. ಮಾಸ್ತರ್
ಯಾದಗಿರಿ ಜಿಲ್ಲೆ